ಹಿನ್ನೀರು ಇಳಿದಾಗ ತಂದ ಮಣ್ಣು

ತೊಂಡೆ ಬಳ್ಳಿಯ ಬುಡದಲ್ಲಿ ಅಗೆಯುತ್ತಿದ್ದಾಗ ಕಳೆ ಕೀಳುವ ಕುರ್ಚಿಗೆಯ ಮೊನೆಗೆ ಏನೋ ತಗುಲಿ ಕಿರ್ರೆಂದಿತು. ಕಲ್ಲಿರಬೇಕು ಎಂದುಕೊಂಡೆ. ಬಾಗಲಕೋಟೆಯ ನಮ್ಮ ನವನಗರದ ನೆಲದಲ್ಲಿ ಕಲ್ಲಿಗೇನು ಬರ? ಕೈಯಿಂದ ಮಣ್ಣು ಬಿಡಿಸಿ ನೋಡಿದರೆ ಒಂದು ಸಣ್ಣ ಕಪ್ಪೆಚಿಪ್ಪು. ಹೊರಗೆ ಕಂದು ಗೆರೆ, ಒಳಗೆ ಇನ್ನೂ ಸ್ವಲ್ಪ ಹೊಳಪು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷ ಮಣ್ಣಿನೊಳಗಿದ್ದ ಚಿಪ್ಪಿಗೆ ವಾಸನೆ ಉಳಿದಿರಲಿಕ್ಕಿಲ್ಲ. ಆದರೂ ನನಗೆ ಬಂತು: ಒಣಗಿದ ಪಾಚಿ, ಕೆಸರು, ಸತ್ತ ಮೀನು, ಮೇ ತಿಂಗಳ ಬಿಸಿಲು...

ಹೊಳೆ ಇಲ್ಲಿಂದ ದೂರ. ಬರೀ ಗರಸಿನ, ಜಲ್ಲಿಗಲ್ಲಿನ ಈ ದಿಬ್ಬದ ಮೇಲೆ ನೀರು ಎಂದೂ ನಿಂತದ್ದಲ್ಲ. ಚಿಪ್ಪು ತಾನಾಗಿ ಬಂದದ್ದೂ ಅಲ್ಲ. ಅದನ್ನು ಮಣ್ಣಿನ ಜೊತೆ ಚೀಲದಲ್ಲಿ ತುಂಬಿ ತಂದವರು ಪಕ್ಕದ ಮನೆಯ ಅಕ್ಕೋರು. ಮೂರನೇ ಇಯತ್ತೆಯ ಹುಡುಗಿಯರಿಗೆ ಪಾಠ ಹೇಳುತ್ತ ನಿವೃತ್ತರಾದವರು. ಓಣಿಯಲ್ಲಿ ಅವರ ಹತ್ತಿರ ಕಲಿತವರೂ ಕಲಿಯದವರೂ ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ನಾನು ಅಗೆಯಲು ಕುಳಿತದ್ದು ಅಕ್ಕೋರ ಸೊಸೆಯ ಸಲುವಾಗಿ. ಅವಳ ಗಂಡನಿಗೆ ಇಳಕಲ್ಲಿಗೆ ವರ್ಗವಾಗಿದೆ. ಸಾಮಾನು ಕಟ್ಟುವ ಗಡಿಬಿಡಿಯ ನಡುವೆ ನಿನ್ನೆ ಬಂದು ಗೇಟಿನಲ್ಲೇ ನಿಂತು ಕೇಳಿದಳು.

“ವೈನಿ, ಅತ್ತೀದು ಅಂತ ಒಂದು ತೊಂಡಿ ಕಡ್ಡಿ ಕೊಡ್ರಿ. ಜೋಡಿ ಒಂದು ಬುಟ್ಟಿ ಮಣ್ಣು. ಆ ಹಳೇ ಮನಿ ಮಣ್ಣು.”

ಅವರ ಹಿತ್ತಲಿನಲ್ಲಿ ಈಗ ತೋಟವಿಲ್ಲ, ಎರಡು ಕೋಣೆ ಎದ್ದಿವೆ. ಅಕ್ಕೋರ ಬಳ್ಳಿ, ಅಕ್ಕೋರ ಮಣ್ಣು ಎಂದು ಏನಾದರೂ ಉಳಿದಿದ್ದರೆ ಅದು ನನ್ನ ಹಿತ್ತಲಿನಲ್ಲಿ ಮಾತ್ರ. ಹೂಂ, ಕೊಡ್ತೇನಿ ಎಂದೆ. ಹಳೇ ಮನಿ ಮಣ್ಣು ಎಂಬ ಮಾತು ಆಮೇಲೆ ಚುಚ್ಚತೊಡಗಿತು.

ಅಕ್ಕೋರ ಮುಖ ನೆನಪಿಸಿಕೊಳ್ಳಲು ಹೋದರೆ ಬರುವುದು ಅವರ ಮನೆಯ ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋ. ಅದು ಸ್ಟುಡಿಯೋದವನು ತಿದ್ದಿ ಬೆಳ್ಳಗೆ ಮಾಡಿದ ಮುಖ. ಅದನ್ನು ನಾನು ನಂಬುವುದಿಲ್ಲ. ನಾನು ದಿನಾ ಖುದ್ದು ನೋಡಿದ್ದು ಕಾಂಪೌಂಡ್ ಗೋಡೆಯ ಮೇಲೆ ಕಾಣುತ್ತಿದ್ದಷ್ಟು: ಸೆರಗು ಹೊದ್ದ ತಲೆ, ಮತ್ತು ತಂಬಿಗೆ ಹಿಡಿದ ಒಂದು ಕೈ. ಉಳಿದದ್ದೆಲ್ಲ ಗೋಡೆಯ ಆಚೆ. ಸೀರೆ ಹಸಿರಿತ್ತು ಎಂದು ಬರೆಯಲು ಹೊರಟೆ. ಬಿಟ್ಟೆ. ನನ್ನ ಮನಸ್ಸು ಎಲ್ಲ ಮುದುಕಿಯರಿಗೂ ಹಸಿರು ಸೀರೆ ಉಡಿಸುತ್ತದೆ.

ತೋಟ ಮಾತ್ರ ಚೆನ್ನಾಗಿ ನೆನಪಿದೆ. ಅದರಲ್ಲೂ ಬೇಸಿಗೆಯ ಕೊನೆಯ ದಿನಗಳ ತೋಟ. ರೋಹಿಣಿ ಮಳೆ ಇವತ್ತು ಬಂದೀತು, ನಾಳೆ ಬಂದೀತು ಎಂದು ಆಕಾಶ ನೋಡುವ ಕಾಲ. ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ ಪುಣ್ಯ. ಬಚ್ಚಲ ನೀರು ಒಂದು ಕಾಲುವೆಯಲ್ಲಿ ಹರಿದು ಬಾಳೆಗೆ, ಅಕ್ಕಿ ತೊಳೆದ ನೀರು ಬದನೆಗೆ, ಬೇಳೆ ತೊಳೆದದ್ದು ಅಬ್ಬಲಿಗೆ. ಪಾತಿಗಳ ಮೇಲೆಲ್ಲ ಕಬ್ಬಿನ ರವದಿ, ಒಣ ಸೋಗೆ ಹೊದಿಸಿ ನೆಲಕ್ಕೆ ಬಿಸಿಲು ತಾಗದಂತೆ ಮಾಡುತ್ತಿದ್ದರು. ಮಧ್ಯಾಹ್ನ ಸುಡುವಾಗ ಹರಿದ ಇಳಕಲ್ ಸೀರೆಗಳನ್ನು ಗೂಟಕ್ಕೆ ಕಟ್ಟಿ ಗಿಡಗಳಿಗೆ ನೆರಳು. ಕೆಂಪು ಸೆರಗು ಬದನೆಯ ಮೇಲೆ ಬರುವಂತೆ ಕಟ್ಟುತ್ತಿದ್ದರು. ಯಾಕೋ ಗೊತ್ತಿಲ್ಲ.

ಒಮ್ಮೆ ಹಾಲಿನವಳು ಗೋಡೆಯ ಮೇಲಿಂದ ಇಣುಕಿ, “ಏನ್ರೀ ಅಕ್ಕೋರ, ಬದನಿಗಿಡಕ್ಕ ಸೀರಿ ಉಡಿಸೀರಿ. ಇನ್ನ ಲಗ್ನ ಯಾವಾಗ?” ಎಂದಳು.

“ಲಗ್ನ ಆಗೇತಿ. ಹೂವು ಹಿಡದೈತಿ ನೋಡು. ಮುಂದಿನ ವಾರ ಬಸುರಿ ಕುಬಸಾ. ಬರೂವಾಗ ಗುಳೇದಗುಡ್ಡದ ಖಣ ತಗೊಂಡು ಬಾ, ಹಂಗ ಬರಿಗೈಲೆ ಬಂದ್ರ ಊಟಕ್ಕ ಹಾಕಂಗಿಲ್ಲ.”

ಗಿಡಗಳನ್ನು ಅವರು ಜಾತಿಯಿಂದ ಕರೆಯುತ್ತಿರಲಿಲ್ಲ, ಅವು ಬಂದ ಊರಿನಿಂದ ಕರೆಯುತ್ತಿದ್ದರು. ಗುಡೂರ ಬದನಿ. ಹುನಗುಂದದ ಲಿಂಬಿ. ಬದಾಮಿ ಪ್ಯಾರಲಾ. ನನ್ನ ತವರು ಕೆರೂರಿನಿಂದ ತಂದು ನಾನು ನೆಟ್ಟ ಕರಿಬೇವಿನ ಬುಡದಲ್ಲಿ ಎದ್ದ ಮರಿಯೊಂದನ್ನು ಕೊಟ್ಟಿದ್ದೆ. ಅದು ಕೆರೂರ ಕರಿಬೇವು. ಒಮ್ಮೊಮ್ಮೆ ಬರೀ ಕೆರೂರಾಕಿ. ಬೆಳಿಗ್ಗೆ ಗೋಡೆಯ ಆಚೆ, “ಕೆರೂರಾಕಿ ಯಾಕೋ ಸಪ್ಪಗದಾಳ” ಎಂದು ಕೇಳಿಸಿದರೆ ಅದು ಗಿಡದ ಮಾತೋ ನನ್ನ ಮಾತೋ ಎಂದು ನಿಂತು ಕೇಳಬೇಕಾಗುತ್ತಿತ್ತು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಿತ್ತಲಿನಲ್ಲಿ ಏನು ನೆಟ್ಟರೂ ಬೇಸಿಗೆಯ ಕೊನೆಗೆ ಸಾಯುತ್ತಿತ್ತು. ಕೆಲವು ಒಣಗಿ, ಕೆಲವು ಕೊಳೆತು. ನೀರು ಹಾಕಿದ್ದೆನೋ ಇಲ್ಲವೋ ಎಂಬ ಅನುಮಾನಕ್ಕೆ ಎರಡೆರಡು ಸಲ ಹಾಕುತ್ತಿದ್ದೆ. ಅಕ್ಕೋರು ಗೋಡೆಯ ಆಚೆಯಿಂದ ಕೈ ಚಾಚಿ, ತೋರುಬೆರಳನ್ನು ಗೋಡೆಯ ಮೇಲಿಟ್ಟ ನನ್ನ ಕುಂಡದ ಮಣ್ಣಿನಲ್ಲಿ ಎರಡು ಗೆಣ್ಣು ಇಳಿಸಿ ತೋರಿಸಿದ್ದರು.

“ಕೊಟ್ಟೇನೋ ಇಲ್ಲೋ ಅಂತ ತಲಿ ಕೇಳಬ್ಯಾಡವಾ. ಬೆರಳ ಹಾಕಿ ಮಣ್ಣ ಕೇಳು. ತಲಿ ಸುಳ್ಳು ಹೇಳ್ತೈತಿ, ಮಣ್ಣು ಹೇಳಂಗಿಲ್ಲ.”

ಅವರ ಹಿತ್ತಲ ಮಣ್ಣು ನವನಗರದ್ದಲ್ಲ. ಊರಿಗೇ ಗೊತ್ತಿರುವ ಕಥೆ ಇದು: ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ಹೊಳೆಬದಿಯ ಓಣಿಗಳು ಮುಳುಗಿದವು, ಜನ ಬಾಗಿಲು, ಕಿಟಕಿ, ತೊಲೆ ಕಿತ್ತುಕೊಂಡು ಈ ಗರಸಿನ ದಿಬ್ಬಕ್ಕೆ ಬಂದರು. ಅಕ್ಕೋರ ಮನೆಯವರೂ ಬಂದರು. ಅಕ್ಕೋರು ಬರುವಾಗ ತಂದದ್ದು ಒಂದು ತೊಂಡೆ ಕಡ್ಡಿ, ಒದ್ದೆ ಅರಿವೆಯಲ್ಲಿ ಸುತ್ತಿ. ಗರಸಿನಲ್ಲಿ ಅದು ಬದುಕಲಾರದು ಎಂದು ಮುಂದಿನ ಬೇಸಿಗೆಯಲ್ಲಿ, ಹಿನ್ನೀರು ಇಳಿದು ಹಳೆಯ ಓಣಿ ಮೇಲೆದ್ದಾಗ, ಅವರೇ ಹೋಗಿ ತಮ್ಮ ಹಿತ್ತಲಿನ ಮಣ್ಣು ತಂದರು. ಆಮೇಲೆ ಅದು ರೂಢಿಯಾಯಿತು. ಮಳೆಗೆ ಮುಂಚೆ, ನೀರು ಸಾಕಷ್ಟು ಇಳಿದ ವರ್ಷಗಳಲ್ಲಿ, ಟಂಟಂ ಗಾಡಿ ಮಾಡಿಕೊಂಡು ಎರಡು ಖಾಲಿ ಚೀಲದೊಂದಿಗೆ ಹೋಗುವುದು, ಕಪ್ಪು ಮಣ್ಣಿನೊಂದಿಗೆ ಬರುವುದು. ನೀರು ಇಳಿಯದ ವರ್ಷ ಸೊರಗಿದ ಮುಖದೊಂದಿಗೆ ಬರುವುದು. ಬೇರೆಯವರೂ ಗೊಬ್ಬರಕ್ಕೆಂದು ಹಿನ್ನೀರಿನ ರೇವೆ ಮಣ್ಣು ತರುತ್ತಿದ್ದರು, ಸಿಕ್ಕಲ್ಲಿ ಅಗೆದು. ಅಕ್ಕೋರಿಗೆ ಬೇಕಿದ್ದದ್ದು ಸ್ವಂತ ಹಿತ್ತಲಿನದು.

ಅಕ್ಕೋರ ನೆನಪಿನ ಮೊದಲ ತಪ್ಪು ಯಾವುದು ಎಂದು ನಾನು ಎಷ್ಟೋ ಸಲ ಹಿಂದಕ್ಕೆ ಹೋಗಿ ಹುಡುಕಿದ್ದೇನೆ. ಹುಡುಕಿದ ಕಡೆಯೆಲ್ಲ ಸಿಗುತ್ತದೆ, ಅದೇ ತೊಂದರೆ. ಖಚಿತವಾಗಿ ಹೇಳಬಹುದಾದದ್ದು ಇದು: ಮೊಣಕಾಲು ನೋವೆಂದು ಕೆಲವು ವರ್ಷ ಮಣ್ಣಿಗೆ ಹೋಗದೆ ಇದ್ದ ಕಾಲದಲ್ಲಿ, ಒಂದು ಬೇಸಿಗೆಯ ಕೊನೆಗೆ, ಅವರ ತೋಟದ ಒಂದು ಸಾಲು ಕೊಳೆಯಿತು, ಇನ್ನೊಂದು ಸಾಲು ಒಣಗಿತು. ಒಂದಕ್ಕೇ ಎರಡು ಮೂರು ಸಲ ನೀರು, ಇನ್ನೊಂದಕ್ಕೆ ಇಲ್ಲ. ಕೇಳಿದರೆ, “ಕೊಟ್ಟೇನಿ” ಎನ್ನುತ್ತಿದ್ದರು. ಬೆರಳು ಹಾಕುವುದನ್ನು ಬಿಟ್ಟುಬಿಟ್ಟಿದ್ದರು. ಆಮೇಲೆ ಒಂದು ದಿನ ಕರಿಬೇವಿನ ಎದುರು ನಿಂತು ನನ್ನನ್ನೇ ಕೇಳಿದರು.

“ಇದು ಯಾವ ಊರಿಂದವಾ?”

ನಾನು ಉತ್ತರ ಹೇಳುವ ಮೊದಲೇ ನಕ್ಕು, “ನಿನ್ನ ಪರೀಕ್ಷಾ ಮಾಡಿದೆ” ಎಂದರು.

ಪೈಪು ಬಿಟ್ಟು ಮರೆತು, ಕಡು ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿ ಎರಡು ಸಲ ಖಾಲಿಯಾಯಿತು. ಮನೆಯಲ್ಲಿ ಕೈಕಾಲು ತೊಳೆಯಲೂ ನೀರಿಲ್ಲ. ಮಗ ಒಳ್ಳೆಯವನು, ಕೂಗಾಡಲಿಲ್ಲ. ದವಾಖಾನೆಗೆ ಕರೆದುಕೊಂಡು ಹೋದ. ಆ ದಿನದ ವರದಿಯನ್ನು ಅಕ್ಕೋರೇ ಗೋಡೆಗೆ ಮೊಣಕೈ ಊರಿ ನನಗೆ ಒಪ್ಪಿಸಿದರು.

“ಡಾಕ್ಟರ ಕೇಳಿದಾ, ಇದು ಯಾವ ತಿಂಗಳು, ಯಾವ ವಾರ ಅಂತ. ನಾ ಮೂರನೇ ಇಯತ್ತೆ ಹುಡಿಗ್ಯಾರ್ನ ಕೇಳಿದಂಗ.”

“ನೀವೇನಂದ್ರಿ?”

“ರೋಹಿಣಿ ಮಳಿ ಇನ್ನೂ ಹತ್ತಿಲ್ಲ ಅಂದೆ. ಅದಕ್ಕ ಮಾರ್ಕ್ಸ್ ಕೊಡಲಿಲ್ಲ ಅಂವಾ.”

ನಗಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: ಮಗ ಇನ್ನು ತೋಟದ ಕೆಲಸ ಬೇಡ ಎನ್ನುತ್ತಿದ್ದಾನೆ. ಪೈಪು ತಾನೇ ಹಿಡಿಯುತ್ತಾನಂತೆ. ಆಗದಿದ್ದರೆ ಹಿತ್ತಲಿಗೆ ಫರಸಿ ಕಲ್ಲು ಹಾಸಿಬಿಡುತ್ತಾನಂತೆ, ಅಮ್ಮ ಜಾರಿ ಬೀಳದಿದ್ದರೆ ಸಾಕಂತೆ. ಅದಕ್ಕೆ ಅಕ್ಕೋರು ಒಂದು ಪಣ ಕಟ್ಟಿದ್ದರು. ಈ ಸಲ ನೀರು ಭಾಳ ಕೆಳಗೆ ಇಳಿದಿದೆ, ನಮ್ಮ ಓಣಿ ಎದ್ದಿದೆ ಎಂದು ಯಾರೋ ಹೇಳಿದ್ದರು.

“ನಾ ಹೋಗಿ ನನ್ನ ಹಿತ್ಲಾ ಗುರ್ತ ಹಿಡದ್ರ ನನ್ನ ತಲಿ ಸರಿ ಐತಿ ಅಂತ ಅರ್ಥ. ಹಿಡೀಲಿಲ್ಲಂದ್ರ ಪೈಪ ನಿನ್ನ ಕೈಯಾಗ ಕೊಟ್ಟು ಮೂಲ್ಯಾಗ ಕೂಡ್ತೇನಿ ಅಂದೇನಿ ಮಗಗ. ಒಪ್ಪ್ಯಾನ.”

“ಗುರ್ತ ಹಿಡದದ್ದು ಖರೇನೋ ಸುಳ್ಳೋ ಅಂತ ಹೇಳಾವ್ರು ಯಾರ್ರಿ?”

“ಸಣ್ಣಾಕಿ.”

ಸಣ್ಣಾಕಿ ಎಂದರೆ ಅಕ್ಕೋರ ನೆಗೆಣ್ಣಿ, ಮೈದುನನ ಹೆಂಡತಿ. ಇಬ್ಬರೂ ಆ ಹಳೆಯ ಮನೆಗೆ ಸೊಸೆಯರಾಗಿ ಬಂದು ಒಂದೇ ಒಲೆ, ಒಂದೇ ಹಿತ್ತಲು ಹಂಚಿಕೊಂಡವರು. ಮುಳುಗಡೆಯಾದ ಮೇಲೆ ಸಣ್ಣಾಕಿಯ ಮನೆಯವರಿಗೆ ಬೇರೆ ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಹಬ್ಬಕ್ಕೆ ಬಂದಾಗ ನಾನು ನೋಡಿದ್ದೆ. ಅಕ್ಕೋರು ಹೋಳಿಗೆ ಮೆತ್ತಗಾಗಿದೆ ಎಂದರೆ ಸಣ್ಣಾಕಿ ಗಟ್ಟಿ ಎನ್ನುವರು. ಮೋಡ ಆಗಿದೆ ಎಂದರೆ ಅದು ಧೂಳು ಎನ್ನುವರು. ತೊಂಡೆಯ ಒಂದೇ ಕಡ್ಡಿಯನ್ನು ಅಕ್ಕೋರು ಕೇಳದೆ ತಂದರು ಎಂಬ ಸಿಟ್ಟು ಬೇರೆ. ಮಗ ಒಪ್ಪಿದ್ದು ಅದಕ್ಕೇ: ಚಿಗವ್ವ ಹೌದೆಂದರೆ ಹೌದೇ ಇರಬೇಕು, ಹೌದೆನ್ನುವ ಅಭ್ಯಾಸವೇ ಆಕೆಗಿಲ್ಲ.

ನನ್ನನ್ನು ಕರೆದದ್ದು ಚೀಲ ಎತ್ತಲಿಕ್ಕೆ. ಅಕ್ಕೋರು ಹಾಗೆ ಹೇಳಲಿಲ್ಲ. “ನೀ ಸಾಕ್ಷಿ” ಎಂದರು. ನಾನು ಆ ಊರು ಇದ್ದಾಗ ನೋಡಿದವಳೇ ಅಲ್ಲ, ನಾನೇನು ಸಾಕ್ಷಿ ಹೇಳುವುದು ಎಂದರೆ, “ಅದಕ್ಕ. ನಿನಗ ಏನೂ ಗೊತ್ತಿಲ್ಲ, ಸುಳ್ಳು ಹೇಳಾಕ ಬರಂಗಿಲ್ಲ” ಎಂದರು.

ಒಂದು ಬೆಳಿಗ್ಗೆ ಮೂವರೂ ಹೋದೆವು. ಟಂಟಂ ದಂಡೆಯ ಮೇಲೇ ನಿಂತಿತು. ಮುಂದೆ ಕಣ್ಣು ಹರಿಯುವಷ್ಟು ಕಪ್ಪು ನೆಲ, ಒಣಗಿ ತಟ್ಟೆ ತಟ್ಟೆಯಾಗಿ ಬಿರಿದಿತ್ತು. ಆಚೆ ಅಂಚಿನಲ್ಲಿ ನೀರು. ಅಲ್ಲಲ್ಲಿ ಅಡಿಪಾಯದ ಕಲ್ಲುಗಳು, ಅವುಗಳ ಮೇಲೆ ಒಣಪಾಚಿ ತಲೆಗೂದಲ ಹಾಗೆ. ಕಾಲಿಟ್ಟಲ್ಲೆಲ್ಲ ಚಿಪ್ಪುಗಳು ಪುಡಿಯಾಗುತ್ತಿದ್ದವು. ಕುರಿಯ ಹಿಂಡೊಂದು ಮೇಯುತ್ತಿತ್ತು. ಕಂಬಳಿ ಹೆಗಲಿಗೆ ಹಾಕಿದ ಕುರಿಗಾರ ಮುದುಕ ನಮ್ಮನ್ನು ನೋಡಿ ನಕ್ಕ.

“ಏನ್ರಬೇ, ಹುಗಿದಿಟ್ಟ ಬಂಗಾರ ಹುಡುಕಾಕ ಬಂದೀರೇನು?”

“ಮಣ್ಣಿಗೆ ಬಂದೇವಪಾ,” ಎಂದರು ಅಕ್ಕೋರು.

“ಮಣ್ಣು ನಿಮ್ಮ ನವನಗರದಾಗ ಇಲ್ಲೇನ್ರಿ?”

“ಅಲ್ಲಿ ನೆಲಾ ಅಗದ್ರ ಕಿಡಿ ಹಾರ್ತಾವ. ಬೀಡಿ ಹಚ್ಚಾಕ ಬೇಕಂದ್ರ ಬಾ.”

ಅವನು ನಗುತ್ತ ಕುರಿಗಳ ಹಿಂದೆ ಹೋದ. ಅಕ್ಕೋರು ನಡೆಯತೊಡಗಿದರು. ಇದನ್ನು ನಾನು ಕಂಡದ್ದು ಖಂಡಿತ, ಎಂದೂ ತಿದ್ದಲಾರೆ: ಅವರು ಆ ಬಯಲಿನಲ್ಲಿ ಓಣಿ ಇದ್ದ ಹಾಗೆ ನಡೆದರು. ಏನೂ ಇಲ್ಲದ ಕಡೆ ನಿಂತು ಎಡಕ್ಕೆ ಹೊರಳಿದರು. ಇಕ್ಕಟ್ಟಾದ ಕಡೆ ಇರುವ ಹಾಗೆ ಮೈ ಸಣ್ಣ ಮಾಡಿದರು. ಒಂದು ಕಡೆ ಸೀರೆಯ ನಿರಿಗೆ ಎತ್ತಿ, ಇಲ್ಲದ ಹೊಸ್ತಿಲು ದಾಟಿದರು. ಸಣ್ಣಾಕಿಗೆ ಇದಾವುದೂ ಇಲ್ಲ. ಬಿಸಿಲಿಗೆ ಸೆರಗು ಹೊದ್ದು ಅಡ್ಡಡ್ಡ ಹೊರಟಿದ್ದರು.

“ಏ ಸಣ್ಣಾಕಿ, ಹಂಗ ದಾಟಬ್ಯಾಡಬೇ! ಅದು ಮಂದಿ ಅಡಗಿಮನಿ.”

“ಮಂದಿ ಎಲ್ಲದಾರ? ಮೀನು ಅಡಗಿ ಮಾಡಾಕ ಹತ್ತಿದ್ವೇನು?”

ನಗು ಬಂದರೂ ನಾನು ಅಕ್ಕೋರ ಹಿಂದೆ, ಅವರು ಹೊರಳಿದಲ್ಲಿ ಹೊರಳುತ್ತ ಹೋದೆ. ಇಲ್ಲಿ ಹಿಟ್ಟಿನ ಗಿರಣಿ, ಎಂದರು. ಇಲ್ಲಿ ಹನುಮಪ್ಪನ ಗುಡಿ ಕಟ್ಟೆ. ಇಲ್ಲಿ ಬೇವಿನಗಿಡ. ಬೇವಿನ ಬೊಡ್ಡೆ ನಿಜವಾಗಿಯೂ ಇತ್ತು, ಕಪ್ಪಾಗಿ. ಆದರೆ ಸ್ವಲ್ಪ ಆಚೆ ಅಂಥದೇ ಇನ್ನೊಂದು ಬೊಡ್ಡೆಯೂ ಇತ್ತು. ಅಕ್ಕೋರು ಎರಡನ್ನೂ ನೋಡಿದರು. ಮೊದಲ ಸಲ ಅವರ ಕಾಲು ನಿಂತಿತು. ಒಂದು ಕಲ್ಲನ್ನು ಮುಟ್ಟಿದರು, ಬಿಟ್ಟರು. ಹಿಂದಕ್ಕೆ ಬಂದರು. ಗಿರಣಿಯ ಜಾಗದಿಂದ ಮತ್ತೆ ನಡೆದರು. ಬಾಯಲ್ಲಿ ಏನೋ ಎಣಿಸುತ್ತಿದ್ದರು, ಮನೆಗಳನ್ನಿರಬೇಕು.  ಸಾಕು ಅಕ್ಕೋರ, ಎಲ್ಲಿಯದಾದರೇನು ಮಣ್ಣು ಮಣ್ಣೇ ಎನ್ನಬೇಕೆನಿಸಿತು. 

ಈ ಬದಿಯ ಬೊಡ್ಡೆಯ ಹತ್ತಿರ, ನೆಲದಲ್ಲಿ ಹೂತ ಒಂದು ಹಾಸುಗಲ್ಲಿನ ಮುಂದೆ ನಿಂತರು.

“ಇದ. ಇದು ಅರಿವಿ ಒಗಿಯೋ ಕಲ್ಲು. ಇಲ್ಲಿ ತೊಂಡಿ ಚಪ್ಪರಾ.” ಸಣ್ಣಾಕಿಯ ಕಡೆ ತಿರುಗಿದರು. “ಹೇಳು.”

ಸಣ್ಣಾಕಿ ಕಲ್ಲನ್ನು ನೋಡಲಿಲ್ಲ. ಹೊಳೆಯ ಕಡೆ ನೋಡಿದರು, ಆಚೆಯ ಬೊಡ್ಡೆ ನೋಡಿದರು. ಬಾಯಿ ತೆರೆಯಿತು. ಅದು ಜಗಳಕ್ಕೆ ತೆರೆಯುವ ಬಾಯಿ, ನನಗೆ ಪರಿಚಯ. ಆಮೇಲೆ ಅಕ್ಕೋರ ಮುಖ ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ... ನನ್ನ ನೆನಪಿನಲ್ಲಿ ಅದು ವರ್ಷ ವರ್ಷಕ್ಕೆ ಉದ್ದವಾಗುತ್ತಿದೆ.

“ಹೌದು. ಇದ.”

“ಖರೆ ಹೇಳು. ಕರುಣಾ ತೋರಸಬ್ಯಾಡ.”

“ನಿನ್ನ ಮ್ಯಾಲೆ ನಾ ಯಾವಾಗ ಕರುಣಾ ತೋರ್ಸೇನಿ? ಇದ ಚಪ್ಪರದ ಕೆಳಗ ನಿಂತು ನನಗ ತೊಂಡಿಕಾಯಿ ಕಳ್ಳಿ ಅಂದಿದ್ದಿ.”

“ಕದ್ದಿದ್ದಿ.”

“ನಮ್ಮ ಮನಿ ತೊಂಡಿಕಾಯಿ ನಾ ಕದಿಯೋದೇನು? ನನ್ನ ಗಂಡಗ ಪಲ್ಯಾ ಮಾಡಿದ್ದೆ.”

“ಅತ್ತಿಯವರಿಗೆ ಇಟ್ಟದ್ದನ್ನ ಹರಕೊಂಡು ಹೋಗಿದ್ದಿ!”

ಹೀಗೆ ಆ ಬಯಲಲ್ಲಿ, ಬಿಸಿಲಲ್ಲಿ, ಕುರಿಗಳು ತಲೆ ಎತ್ತಿ ನೋಡುವ ಹಾಗೆ ಇಬ್ಬರೂ ಜಗಳಾಡಿದರು. ಅಕ್ಕೋರು ಅಷ್ಟು ಸುಖವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಜಗಳದ ನಡುವೆಯೇ ಕುಕ್ಕರಗಾಲಲ್ಲಿ ಕುಳಿತು ಕೈಯಿಂದ ಮಣ್ಣು ಬಗೆದು ಚೀಲಕ್ಕೆ ತುಂಬಿದರು. ಒಂದು ಅವರಿಗೆ, ಒಂದು ನನಗೆ. “ನಿನಗೂ ಒಂದು ಕಡ್ಡಿ ಕೊಡ್ತೇನಿ, ಈ ಮಣ್ಣಾಗ ಹಚ್ಚು” ಎಂದರು. ಸಣ್ಣಾಕಿ ಚೀಲದ ಬಾಯಿ ಅಗಲಿಸಿ ಹಿಡಿದಿದ್ದರು.

ಮನೆಗೆ ಬಂದಮೇಲೆ ಅಕ್ಕೋರು ಮಗನಿಗೆ ಗೆಲುವಿನ ಸುದ್ದಿ ಹೇಳಲು ಒಳಗೆ ಹೋದರು. ಸಣ್ಣಾಕಿ ನಮ್ಮ ಹಿತ್ತಲಿನ ನಲ್ಲಿಯ ಹತ್ತಿರ ಕಾಲು ತೊಳೆಯುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು.

“ನಮ್ಮ ಹಿತ್ಲಾ ಆ ಕಡೆ ಬೊಡ್ಡಿ ದಾಟಿ ಐತವಾ. ಇದು ಓಣಿ ಹೆಣ್ಣಮಕ್ಕಳು ಬಯಲಕಡಿಗೆ ಹೋಗೋ ಜಾಗಾ. ನಾಕು ಗ್ವಾಡಿ ಕಟ್ಟಿಸಿದ್ರು. ಆ ಕಲ್ಲು ಅಲ್ಲಿಂದು.”

ನಾನು ನನ್ನ ಚೀಲ ನೋಡಿದೆ. ಸಣ್ಣಾಕಿಯೂ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು.

“ಮತ್ತ ಹೌದು ಅಂದ್ರ್ಯಲ್ಲ?”

“ಇಷ್ಟ ವರ್ಷ ಆಕಿ ಅಂದದ್ದಕ್ಕೆಲ್ಲಾ ಅಲ್ಲ ಅಂದೇನಿ. ಒಂದು ಸಲ ಹೌದು ಅಂದ್ರ ನನ್ನ ಗಂಟೇನು ಹೋಗ್ತೈತಿ?” ನಲ್ಲಿ ನಿಲ್ಲಿಸಿದರು. “ಆಕಿಗೆ ಹೇಳಿಗೀಳಿ ಮತ್ತ.”

ನಾನು ಹೇಳಲಿಲ್ಲ. ಪೈಪು ಅಕ್ಕೋರ ಕೈಯಲ್ಲೇ ಉಳಿಯಿತು. ಆ ಮಳೆಗಾಲದಲ್ಲಿ ತೊಂಡೆ ಹುಚ್ಚು ಹಿಡಿದಂತೆ ಹಬ್ಬಿತು. ಚಪ್ಪರ ಸಾಲದೆ ಗೋಡೆ ದಾಟಿ ನಮ್ಮ ಕಡೆ ಇಳಿಯಿತು. ನನ್ನ ಕಡ್ಡಿಯೂ ಎದ್ದು ಅದಕ್ಕೆ ಕೈ ಕೊಟ್ಟಿತು, ಯಾವುದು ಯಾರದೆಂದು ಗೊತ್ತಾಗದ ಹಾಗೆ. “ನೋಡಿದ್ಯಾ, ಸ್ವಂತ ಹಿತ್ಲಾ ಮಣ್ಣು ಅಂದ್ರ ಇದು” ಎನ್ನುವರು ಅಕ್ಕೋರು. ನನಗೆ ನಗು ಬರುತ್ತಿತ್ತು. ಬುಟ್ಟಿಗಟ್ಟಲೆ ತೊಂಡೆಕಾಯಿ ಹರಿದು ಓಣಿಗೆಲ್ಲ ಹಂಚಿದರು, ಸಣ್ಣಾಕಿಗೂ ಕಳಿಸಿದರು. ಸಣ್ಣಾಕಿ, ಕಾಯಿ ಬಲಿತಿದ್ದವು ಎಂದು ಹೇಳಿ ಕಳಿಸಿದರು.

ಗೆದ್ದ ಪಣ ತಲೆಯನ್ನು ಉಳಿಸಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಅ‌ಕ್ಕೋರು ಗಿಡಗಳ ಊರು ಮರೆತರು, ಆಮೇಲೆ ಗಿಡಗಳನ್ನೇ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಪೈಪು ಹಿಡಿಯುವುದನ್ನು ಮರೆಯಲಿಲ್ಲ. ಮಗ ಮಾತಿಗೆ ತಪ್ಪಲಿಲ್ಲ, ಪೈಪು ಕಸಿದುಕೊಳ್ಳಲಿಲ್ಲ. ಮಾಳಿಗೆ ಹತ್ತಿ ಟ್ಯಾಂಕಿಯ ವಾಲ್ವ್ ತಿರುಗಿಸಿ, ಹಿತ್ತಲಿನ ಪೈಪಿನಲ್ಲಿ ನೂಲಿನಷ್ಟೇ ನೀರು ಬರುವಂತೆ ಮಾಡಿದ. ಆ ನೂಲನ್ನು ಹಿಡಿದು ಅಕ್ಕೋರು ಬಿಸಿಲೇರುವ ತನಕ ಒಂದೇ ಗಿಡದ ಬುಡದಲ್ಲಿ ನಿಂತಿರುತ್ತಿದ್ದರು. “ಮುನಸಿಪಾಲ್ಟಿ ಮಂದಿ ನೀರು ಬಿಡಾಕ ಜೀವಾ ಬಿಡ್ತಾರ” ಎಂದು ಬೈಯುತ್ತಿದ್ದರು. ಯಾರು ಸಿಕ್ಕರೂ ಒಂದು ಮಾತು ಮಾತ್ರ ತಪ್ಪದೆ ಹೇಳುತ್ತಿದ್ದರು.

“ನಾ ಗುರ್ತ ಹಿಡದೇನಿ. ಬೇಕಂದ್ರ ಸಣ್ಣಾಕಿನ್ನ ಕೇಳ್ರಿ.”

ಏನು ಗುರುತು ಹಿಡಿದದ್ದು ಎಂದು ಕೇಳಿದರೆ ಕೊನೆಕೊನೆಗೆ ಅವರಿಗೂ ಗೊತ್ತಿರಲಿಲ್ಲ. ಗುರುತು ಹಿಡಿದದ್ದು ಮಾತ್ರ ಗೊತ್ತಿತ್ತು.

ಅವರು ಹೋದದ್ದು ಒಂದು ಚಳಿಗಾಲದಲ್ಲಿ, ಬಳ್ಳಿ ಸೊರಗಿದ್ದಾಗ. ಉತ್ತರಕ್ರಿಯೆಯ ದಿವಸದ ಊಟಕ್ಕೆ ಬಂದ ಸಣ್ಣಾಕಿ ನಮ್ಮ ಹಿತ್ತಲಿಗೆ ಬಂದು ಕುಳಿತರು. ಜಗಳಕ್ಕೆ ಯಾರೂ ಇಲ್ಲದೆ ಅವರ ಬಾಯಿ ಸಣ್ಣದಾಗಿತ್ತು. ಏನಾದರೂ ಮಾತಾಡಬೇಕೆಂದು ನಾನು ಮಣ್ಣಿನ ಮಾತು ತೆಗೆದೆ. ಆ ಜಾಗದ ಬಗ್ಗೆ ನೀವು ಹೇಳಿದ್ದಿರಲ್ಲ ಎಂದೆ.

ಸಣ್ಣಾಕಿ ನನ್ನನ್ನು ನೇರವಾಗಿ ನೋಡಿದರು. “ನಾ ಯಾವಾಗ ಹಂಗ ಅಂದೆ? ಅದು ನಮ್ಮ ಹಿತ್ಲಾನ. ನಮ್ಮಕ್ಕ ಸರಿಯಾಗೇ ಗುರ್ತ ಹಿಡದಿದ್ಲು.”

ಮರೆತಿದ್ದರೇ? ಮರೆಯಬೇಕೆಂದು ನಿರ್ಧರಿಸಿದ್ದರೇ? ಅಥವಾ ಅವತ್ತು ನಲ್ಲಿಯ ಹತ್ತಿರ ಹೇಳಿದ್ದೇ ಅವರ ಹಳೆಯ ಚಾಳಿಯೋ, ಅಕ್ಕೋರು ಹೌದೆಂದದ್ದಕ್ಕೆ ಬೆನ್ನ ಹಿಂದಾದರೂ ಒಮ್ಮೆ ಅಲ್ಲ ಎನ್ನುವುದು? ನನ್ನ ಗಂಡನನ್ನು ಕೇಳಿದರೆ, ಹಿತ್ತಲಿಗೆ ನಲ್ಲಿ ಕೂಡಿಸಿದ್ದೇ ಅದರ ಮುಂದಿನ ವರ್ಷ ಎನ್ನುತ್ತಾರೆ. ಹಾಗಾದರೆ ಸಣ್ಣಾಕಿ ಕಾಲು ತೊಳೆದದ್ದು ಎಲ್ಲಿ? ನಾನು ನೀರು ನಿಂತ ಸದ್ದು ಕೇಳಿದ್ದೇನೆ. ಸೆರಗು ಬಾಯಿಗೆ ತುರುಕಿದ್ದನ್ನು ನೋಡಿದ್ದೇನೆ. ನೋಡಿದ್ದೇನೆ ಎಂದೇ ಬರೆಯುತ್ತಿದ್ದೇನೆ... ಈಗ ಸಣ್ಣಾಕಿಯೂ ಇಲ್ಲ. ಹಿನ್ನೀರು ಪ್ರತಿ ವರ್ಷ ಏರಿ ಇಳಿದು ಬೊಡ್ಡೆಗಳನ್ನೂ ಕಲ್ಲನ್ನೂ ರೇವೆಯಲ್ಲಿ ಮುಚ್ಚಿರಬೇಕು. ಹೋಗಿ ನೋಡೋಣವೆಂದರೆ ನಾನು ಯಾವ ಗಿರಣಿಯಿಂದ ನಡೆಯಲಿ, ಎಲ್ಲಿ ಹೊರಳಲಿ?

ಇವತ್ತು ಸಂಜೆ ಅಕ್ಕೋರ ಸೊಸೆ ಬಂದಳು. ನಾನು ಕುಂಡದಲ್ಲಿ ಮಣ್ಣು ತುಂಬಿ, ಎರಡು ಕಡ್ಡಿ ಊರಿ, ಮೇಲೆ ರವದಿ ಹೊದಿಸಿ ಇಟ್ಟಿದ್ದೆ. ಚಿಪ್ಪನ್ನು ಏನು ಮಾಡುವುದೆಂದು ತಿಳಿಯದೆ ಕುಂಡದ ಅಂಚಿನಲ್ಲಿ ಇಟ್ಟಿದ್ದೆ. ಅವಳು ಅದನ್ನು ಕೈಗೆತ್ತಿಕೊಂಡಳು. ಈ ನೆಲದ್ದಲ್ಲವೆಂದು ಅವಳಿಗೂ ಹೊಳೆಯಿತು.

“ಖರೇನ ವೈನಿ, ಇದು ಅತ್ತಿಯವರ ಹಿತ್ಲಾ ಮಣ್ಣ? ಕಡೀಕಡೀಗೆ ಅವರು ಏನೇನೋ ಅಂತಿದ್ರು, ನಮಗ ತಿಳೀತಿರಲಿಲ್ಲ. ಇದೊಂದರೆ ಖರೆ ಇದ್ರ...”

 ಆ ಕೊನೆಯ ವರ್ಷಗಳಲ್ಲಿ ಅಕ್ಕೋರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ನೀನು ಯಾರವಾ ಎಂದು ಅವರಿಂದಲೇ ಕೇಳಿಸಿಕೊಂಡವಳು ಅವಳು. ನನ್ನ ಬಾಯಿ ತೆರೆಯಿತು. ಇಷ್ಟು ಹೊತ್ತು ಇಲ್ಲಿ ಬರೆದ ಅನುಮಾನಗಳೆಲ್ಲ ಅಲ್ಲಿದ್ದವು. ಅವಳ ಮುಖ ನೋಡಿದೆ.

“ಹೌದು. ಅಕ್ಕೋರು ತಾವ ಗುರ್ತ ಹಿಡದ್ರು. ನಾ ಅಲ್ಲೇ ಇದ್ದೆ.”

ಅವಳು ಚಿಪ್ಪನ್ನು ಮಣ್ಣಿನ ಮೇಲಿಟ್ಟು, ಕುಂಡವನ್ನು ಸೊಂಟಕ್ಕೆ ಇಟ್ಟುಕೊಂಡು ಹೋದಳು. ಗೇಟು ಹಾಕಿದ ಸದ್ದು. ಆಮೇಲೆ ಆ ಮನೆಯ ಗೇಟು ತೆಗೆದ ಸದ್ದು.

ನಾನು ತಂಬಿಗೆ ತುಂಬಿಕೊಂಡು ಗಿಡಗಳಿಗೆ ನೀರು ಹಾಕುತ್ತ ಬಂದೆ. ಕರಿಬೇವಿನ ಎದುರು ನಿಂತೆ. ಇದಕ್ಕೆ ಬೆಳಿಗ್ಗೆಯೇ ಹಾಕಿದ್ದೆ. ಹಾಕಿದ್ದು ಚೆನ್ನಾಗಿ ನೆನಪಿದೆ: ಈ ತಂಬಿಗೆ, ಈ ಕೈ, ಎಲೆಯ ಮೇಲೆ ಸಿಡಿದ ಹನಿ. ಗೋಡೆಯ ಆಚೆ ಹೊಸ ಕೋಣೆಯ ಕುರುಡು ಗೋಡೆ, ಕೇಳೋಣವೆಂದರೆ ಅಲ್ಲಿ ಯಾರೂ ಇಲ್ಲ.

ಬೆರಳು ಹಾಕಿದೆ, ಎರಡು ಗೆಣ್ಣಿನವರೆಗೆ.

ಒಣಗಿತ್ತು.